ಸೇತುವೆ ಇದ್ದ ಹೊಳೆಯ ದೋಣಿಯವನು

ನನ್ನ ತಂಗಿ ತೀರಿಕೊಂಡ ಸುದ್ದಿ ಬಂದಾಗ ನಾನು ಮುದ್ರಣಾಲಯದಲ್ಲಿ ಪ್ರೂಫು ಹರಡಿಕೊಂಡು ಅವಳಿಗಾಗಿ ಕಾಯುತ್ತಿದ್ದೆ. ಕಾಯುತ್ತಿದ್ದೆ ಎನ್ನುವುದಕ್ಕಿಂತ ಅವಳ ಮೇಲೆ ಮುನಿಸಿಕೊಂಡು ಕೂತಿದ್ದೆ ಎನ್ನುವುದೇ ಸರಿ. ಕನ್ನಡಕದ ಕಡ್ಡಿ ಸಡಿಲವಾಗಿದೆ, ರಿಪೇರಿ ಮಾಡಿಸಿಕೊಂಡು ಊಟದ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಬೆಳಿಗ್ಗೆ ಹೋದವಳು, ಎಲ್ಲರ ಊಟ ಮುಗಿದು ಯಂತ್ರಗಳು ಮತ್ತೆ ಸದ್ದು ಮಾಡತೊಡಗಿದರೂ ಬಂದಿರಲಿಲ್ಲ. ಅವಳಿಲ್ಲದೆ ನನ್ನ ಕೆಲಸ ಒಂದು ಸಾಲೂ ಸಾಗುವಂಥದ್ದಲ್ಲ.

ಫೋರ್‌ಮನ್ ಕೈಯ ಮಸಿಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಬಂದು ನಿಂತ.

"ಅಣ್ಣ, ಸ್ವಲ್ಪ ಕೂತ್ಕೊಳ್ಳಿ" ಎಂದ.

"ಕೂತೇ ಇದೀನಲ್ಲಯ್ಯ" ಎಂದೆ.

ಅವನು ತಾನೇ ಎದುರಿನ ಕುರ್ಚಿಯಲ್ಲಿ ಕುಸಿದು ಕೂತ. ಅದು ತಂಗಿಯ ಕುರ್ಚಿ ಎಂದು ನೆನಪಾದ ಕೂಡಲೇ, ಬಿಸಿ ತಾಗಿದವನಂತೆ ಎದ್ದುನಿಂತ.

"ಕಾಲೇಜಿಂದ ಫೋನ್ ಬಂದಿತ್ತು. ಅಕ್ಕ ಅಲ್ಲಿ ಮೆಟ್ಟಿಲ ಮೇಲೆ ಬಿದ್ದುಬಿಟ್ಟರಂತೆ. ಆಸ್ಪತ್ರೆಗೆ ಸೇರಿಸೋ ಅಷ್ಟರಲ್ಲಿ ಹೋಗಿಬಿಟ್ಟರಂತೆ."

"ಯಾವ ಕಾಲೇಜು?" ಎಂದೆ. ನನ್ನ ಬಾಯಿಂದ ಮೊದಲು ಹೊರಟ ಮಾತು ಅದೇ. "ಕನ್ನಡಕದಂಗಡಿ ಇರೋದು ಕಾಲೇಜಿನ ಕಡೆ ಅಲ್ಲವಲ್ಲ."

ಫೋರ್‌ಮನ್ ನನ್ನ ಭುಜದ ಮೇಲೆ ಕೈಯಿಟ್ಟ. ಅವನ ಕೈಯಲ್ಲಿ ಇನ್ನೂ ಮಸಿ ಇತ್ತು. ಆ ಅಂಗಿಯನ್ನು ನಾನು ಇನ್ನೂ ಒಗೆಯಲು ಹಾಕಿಲ್ಲ.

ನಮ್ಮ ಕೆಲಸ ಎಂಥದೆಂದು ಹೇಳಬೇಕು; ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಮ್ಮದು ಪ್ರಾರ್ಥನಾಲಯಕ್ಕೆ ಸೇರಿದ ಮುದ್ರಣಾಲಯ. ಅಲ್ಲಿ ಮುಖ್ಯವಾಗಿ ಅಚ್ಚಾಗುವುದು ನಮ್ಮ ಪವಿತ್ರ ಗ್ರಂಥ. ಪ್ರತಿ ಹೊಸ ಮುದ್ರಣಕ್ಕೂ ಇಡೀ ಗ್ರಂಥವನ್ನು ಮೊದಲಿಂದ ಕೊನೆಯವರೆಗೆ ಓದಿ ಪ್ರೂಫು ತಿದ್ದಬೇಕು. ಇದು ಒಬ್ಬರಿಂದ ಆಗುವುದಲ್ಲ. ಒಬ್ಬರು ಹಳೆಯ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತವರು ಹೊಸ ಪ್ರೂಫಿನ ಮೇಲೆ ಕಣ್ಣಿಟ್ಟಿರಬೇಕು. ನಾನು ಓದುವವನು, ತಂಗಿ ನೋಡುವವಳು. ಅವಳ ಗಂಡ ತೀರಿಕೊಂಡ ಮೇಲೆ, ಮಗಳನ್ನು ಕಟ್ಟಿಕೊಂಡು ನನ್ನ ಮನೆಗೆ ಬಂದ ಕಾಲದಿಂದ ನಾವಿಬ್ಬರೂ ಆ ಮೇಜಿನ ಎರಡು ಕಡೆ ಕೂತವರು. ಸಾಲು ಸರಿಯಿದ್ದರೆ ಅವಳು "ಮುಂದೆ" ಎನ್ನುವಳು. ಸಂಶಯ ಬಂದರೆ "ನಿಲ್ಲು" ಎನ್ನುವಳು. "ಮುಂದೆ" ಎನ್ನುವುದನ್ನು ಅವಳು ಬಾಯೊಳಗೇ ಹೇಳುತ್ತಿದ್ದಳು, "ನಿಲ್ಲು" ಮಾತ್ರ ಯಂತ್ರದ ಸದ್ದನ್ನೂ ದಾಟಿ ಕೇಳುತ್ತಿತ್ತು. ಹಾಗಾಗಿ ಮುದ್ರಣಾಲಯದವರು ಅವಳಿಗೆ ನಿಲ್ಲಮ್ಮ ಎಂದು ಹೆಸರಿಟ್ಟಿದ್ದರು. ಅವಳ ಎದುರಿಗೇ ಹಾಗೆ ಕರೆಯುತ್ತಿದ್ದರು, ಅವಳೂ ಓಗೊಡುತ್ತಿದ್ದಳು.

ಅವಳ "ನಿಲ್ಲು" ಬರಿಯ ಅಚ್ಚಿನ ತಪ್ಪಿಗಷ್ಟೇ ಆಗಿದ್ದರೆ ನನಗೆ ಈ ಕಷ್ಟವಿರಲಿಲ್ಲ.

ನಮ್ಮ ಗ್ರಂಥ ಒಬ್ಬ ದೋಣಿಯವನ ಕಿವಿಗೆ ಬಿದ್ದದ್ದು ಎಂದು ನಾವು ನಂಬುತ್ತೇವೆ. ಹೊಳೆಯ ಈ ದಡದಿಂದ ಆ ದಡಕ್ಕೆ ಅವನು ಒಂದು ಸಲ ಹುಟ್ಟು ಹಾಕಿ ಹೋಗುವಷ್ಟರಲ್ಲಿ ಇಡೀ ಗ್ರಂಥ ಅವನಿಗೆ ಮೇಲಿನಿಂದ ಕೇಳಿಸಿತು. ಆ ದಡದಲ್ಲಿ ಇಳಿದು ಅವನು ಹೇಳಿದ, ಕೇಳಿದವರು ಬರೆದುಕೊಂಡರು. ನನ್ನ ತಂದೆ ತಾಯಿ ಹೀಗೆ ನಂಬಿದರು, ನಾನೂ ನಂಬಿದೆ. ತಂಗಿ ಮಾತ್ರ ಬೇಸಾಯದ ಅಧ್ಯಾಯಕ್ಕೆ ಬಂದಾಗಲೆಲ್ಲ ಪೆನ್ಸಿಲನ್ನು ಕೆಳಗಿಟ್ಟು, "ನಿಲ್ಲು ಅಣ್ಣ" ಎನ್ನುವಳು.

"ಏನಾಯ್ತು? ಅಕ್ಷರ ಬಿಟ್ಟಿದೆಯಾ?"

"ಅಕ್ಷರ ಸರಿಯಾಗಿದೆ. ದೋಣಿಯವನಿಗೆ ಗೊಬ್ಬರದ ವಿಷಯ ಇಷ್ಟೊಂದು ಹೇಗೆ ಗೊತ್ತಿತ್ತು?"

"ಹೇಳಿದವನಿಗೆ ಗೊತ್ತಿತ್ತು. ಇವನು ಕೇಳಿಸಿಕೊಂಡ, ಅಷ್ಟೆ."

"ಇದನ್ನ ಹೇಳಿದವನು ಹೊಲದಲ್ಲಿ ಕಾಲಿಟ್ಟವನು. ಹಿಂದಿನ ಅಧ್ಯಾಯ ಹೇಳಿದವನು ಅಂಗಡೀಲಿ ಕೂತವನು. ಇಬ್ಬರ ಮಾತಿನ ಧಾಟಿಯೇ ಬೇರೆ. ಒಂದು ಬಾಯಿ ಅಲ್ಲ ಇದು, ಹಲವು ಕೈ."

"ಮೇಲಿರೋನಿಗೆ ಹೊಲವೂ ಗೊತ್ತು, ಅಂಗಡಿಯೂ ಗೊತ್ತು. ನಿನಗೆ ಮಾತ್ರ ಕೆಲಸ ಮುಗಿಸೋದು ಗೊತ್ತಿಲ್ಲ. ಕಣ್ಣಿಡು."

"ಆಯ್ತು, ಮುಂದೆ."

ಎಲ್ಲಕ್ಕಿಂತ ದೊಡ್ಡ ಜಗಳ ಸೇತುವೆಯದು. ನಡುವಿನ ಒಂದು ಅಧ್ಯಾಯದಲ್ಲಿ ಅದೇ ಹೊಳೆಗೆ ಸೇತುವೆ ಇತ್ತೆಂದು ಒಂದು ಸಾಲು ಬರುತ್ತದೆ. ಆ ಸಾಲು ಹತ್ತಿರ ಬಂತೆಂದರೆ ಫೋರ್‌ಮನ್ ಯಂತ್ರ ನಿಲ್ಲಿಸಿ ಕಿವಿಗೊಡುತ್ತಿದ್ದ.

"ಸೇತುವೆ ಇದ್ದ ಮೇಲೆ ದೋಣಿಗೆ ಯಾರಣ್ಣ ಹತ್ತುತಾರೆ?" ಎನ್ನುವಳು ತಂಗಿ. "ದೋಣಿಯ ಕಥೆ ಬರೆದವನ ಕಾಲ ಬೇರೆ, ಸೇತುವೆ ನೋಡಿದವನ ಕಾಲ ಬೇರೆ."

"ಸೇತುವೆಗೆ ಸುಂಕ ಇತ್ತೇನೋ" ಎನ್ನುವೆ ನಾನು.

ಫೋರ್‌ಮನ್ ಹೊಟ್ಟೆ ಹಿಡಿದುಕೊಂಡು ನಗುವನು. ಒಮ್ಮೆ ಅವನು, "ನೀವಿಬ್ಬರೂ ಒಂದು ಮಾತಿಗೆ ಬಂದುಬಿಟ್ಟರೆ ಈ ಮುದ್ರಣ ನಮ್ಮ ಕಾಲದಲ್ಲೇ ಮುಗಿಯುತ್ತಲ್ಲಮ್ಮ" ಎಂದಿದ್ದ. ಅದಕ್ಕೆ ತಂಗಿ, "ಇಬ್ಬರೂ ತಲೆಯಾಡಿಸಿದ ಪುಟದಲ್ಲೇ ತಪ್ಪು ಉಳಿಯೋದು, ಗೊತ್ತಿರಲಿ" ಎಂದಿದ್ದಳು. ಪ್ರೂಫಿನ ಮಾತೆಂದೇ ನಾವೆಲ್ಲ ಅದನ್ನು ತಿಳಿದೆವು.

ಈಚಿನ ವರ್ಷಗಳಲ್ಲಿ ಈ ಚರ್ಚೆ ನಮ್ಮ ಮೇಜಿಗಷ್ಟೇ ಉಳಿದಿರಲಿಲ್ಲ. ಕಾಲೇಜಿನಲ್ಲಿ ಹಳೆಯ ಲಿಪಿಗಳನ್ನು ಕಲಿಸುವ ಒಬ್ಬ ಮೇಷ್ಟ್ರು ಇದ್ದಾರೆ. ಅವರು ಗ್ರಂಥದ ಹಳೆಯ ಪ್ರತಿಗಳನ್ನು ಹೋಲಿಸಿ ನೋಡಿ, ಇದು ಬಹು ಕಾಲದಲ್ಲಿ ಬಹು ಜನ ಸೇರಿಸುತ್ತ ಬಂದದ್ದೆಂದು ಸಾರ್ವಜನಿಕವಾಗಿ ಉಪನ್ಯಾಸ ಕೊಡತೊಡಗಿದರು. ನಾನು ಅದರಲ್ಲಿ ಒಂದಕ್ಕೂ ಹೋದವನಲ್ಲ. ಊರು ಎರಡಾಯಿತು. ಒಂದು ಬಾಯಿಯವರು, ಹಲವು ಕೈಯವರು. ಕ್ಷೌರದಂಗಡಿಯಲ್ಲಿ ಕ್ಷೌರಿಕ ನನ್ನ ಗಲ್ಲಕ್ಕೆ ನೊರೆ ಹಚ್ಚಿ, "ಸ್ವಾಮಿ, ನೀವು ಯಾವ ಪಕ್ಷ? ಕತ್ತಿ ಕೆಳಗಿಟ್ಟ ಮೇಲೆ ಕೇಳಲೋ, ಈಗಲೇ ಕೇಳಲೋ?" ಎಂದು ಕೇಳಿದ್ದ. ಮೇಷ್ಟ್ರ ಮಾತೂ ತಂಗಿಯ ಮಾತೂ ಒಂದೇ ಆದದ್ದರಿಂದ ಅವಳು ಅವರ ಪಕ್ಷವೆಂದು ನಾನು ಯೋಚಿಸದೆಯೇ ತಿಳಿದುಕೊಂಡಿದ್ದೆ. ಅದರಿಂದ ನನಗೆ ನೋವಾಗಿತ್ತೇ ಎಂದರೆ, ಇಲ್ಲ. ಎದುರಿಗೆ ಕೂತು ವಾದ ಮಾಡುವ ತಂಗಿ ದಿನವೂ ಸಂಜೆ ನನ್ನ ಜೊತೆಗೇ ಪ್ರಾರ್ಥನಾಲಯಕ್ಕೆ ನಡೆದು ಬರುತ್ತಿದ್ದಳು. ಎಂದಾದರೂ ಒಂದು ದಿನ ಒಪ್ಪಿಯಾಳು ಎಂದುಕೊಂಡಿದ್ದೆ. ಆತುರವಿರಲಿಲ್ಲ.

ಆಸ್ಪತ್ರೆಯಲ್ಲಿ ತಂಗಿಯ ಮಗಳು ಬಾಗಿಲಲ್ಲೇ ಕಾದಿದ್ದಳು. ಅವಳು ಅದೇ ಆಸ್ಪತ್ರೆಯಲ್ಲಿ ನರ್ಸು. ಚಿಕ್ಕಂದಿನಲ್ಲಿ ನಮ್ಮ ಪ್ರೂಫಿನ ಮೇಜಿನ ಕೆಳಗೆ ಚೂರು ಕಾಗದ ಕೆದಕುತ್ತ ಕೂತಿರುತ್ತಿದ್ದುದರಿಂದ ನಾನು ಅವಳನ್ನು ಗುಬ್ಬಿ ಎಂದು ಕರೆಯುತ್ತೇನೆ. ಅವಳು ಅಳುತ್ತಿರಲಿಲ್ಲ. "ಮಾವ, ನೋವೇನೂ ಆಗಿಲ್ಲ ಅಮ್ಮನಿಗೆ. ಅಷ್ಟು ಹೊತ್ತೇ ಇರಲಿಲ್ಲ" ಎಂದಳು. ಅವಳ ಕೈಯಲ್ಲಿ ತಾಯಿಯ ಚೀಲವಿತ್ತು. ಅದರಲ್ಲಿ ಒಂದು ಬಾಚಣಿಗೆ, ಕೆಮ್ಮಿನ ಗುಳಿಗೆ, ಕನ್ನಡಕದ ಡಬ್ಬಿ. ನಾನು ಡಬ್ಬಿ ತೆರೆದೆ. ಕಡ್ಡಿ ಗಟ್ಟಿಯಾಗಿ ಕೂತಿತ್ತು. ರಿಪೇರಿ ಮಾಡಿಸಿದ್ದಳು. ಹಾಗಾದರೆ ಸುಳ್ಳು ಹೇಳಿ ಹೋಗಿರಲಿಲ್ಲ. ಆದರೆ ಕಾಲೇಜಿನ ಮಾತನ್ನೂ ಹೇಳಿರಲಿಲ್ಲ. ನಾನು ಆ ಕಡ್ಡಿಯನ್ನು ಮಡಚಿ ಬಿಡಿಸಿ ಮಡಚಿ ಬಿಡಿಸಿ ನೋಡುತ್ತಿದ್ದೆ. ಗುಬ್ಬಿ ಮೆಲ್ಲನೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಸಂಜೆಯ ಬೆಳಕಿರುವಾಗಲೇ ಅವಳನ್ನು ಮಣ್ಣಿಗೆ ಒಪ್ಪಿಸಿ ಬಂದೆವು. ನಮ್ಮಲ್ಲಿ ಮಣ್ಣು ಮಾಡುವಾಗ ಹೆಚ್ಚು ಮಾತಿಲ್ಲ. ಮುಖ್ಯವಾದದ್ದು ಮುಂದಿನ ಸಭೆಯ ದಿನ. ಹೋದವರು ಇನ್ನೂ ಹೊಳೆಯ ನಡುವಿನಲ್ಲಿರುತ್ತಾರೆ, ಉಳಿದವರು ಕೂಡಿ ಮಾಡುವ ಪ್ರಾರ್ಥನೆಯೇ ಅವರನ್ನು ದಡ ಮುಟ್ಟಿಸುತ್ತದೆ ಎಂಬುದು ನಮ್ಮ ನಂಬಿಕೆ. ಆ ಪ್ರಾರ್ಥನೆಗೆ ಮೊದಲು ಗುರುಗಳು ಮನೆಯ ಹಿರಿಯರನ್ನು ಎಬ್ಬಿಸಿ ನಿಲ್ಲಿಸಿ, ಗ್ರಂಥದ ಎದುರಿಗೆ ಒಂದು ಪ್ರಶ್ನೆ ಕೇಳುತ್ತಾರೆ: "ಈ ಗ್ರಂಥ ಮೇಲಿನಿಂದ ಬಂದದ್ದೆಂದು ನಂಬಿ ಇವರು ಹೋದರೇ?" ಹೌದು ಎಂದರೆ ಪ್ರಾರ್ಥನೆ. ಇಲ್ಲ ಎಂದರೆ ಸಭೆ ಮಾತಿಲ್ಲದೆ ಎದ್ದುಹೋಗುತ್ತದೆ. ಇಲ್ಲ ಎಂದವರನ್ನು ನಾನು ಕಂಡಿಲ್ಲ. ತಂದೆಗೆ, ತಾಯಿಗೆ, ನನ್ನ ಹೆಂಡತಿಗೆ, ತಂಗಿಯ ಗಂಡನಿಗೆ ನಾನೇ ಎದ್ದುನಿಂತು ಹೌದು ಎಂದಿದ್ದೆ. ಉಸಿರಾಡಿದಷ್ಟೇ ಸಲೀಸಾಗಿ ಎಂದಿದ್ದೆ.

ಮಾರನೆಯ ದಿನ ಬೆಳಿಗ್ಗೆ ಗುರುಗಳೇ ಮನೆಗೆ ಬಂದರು. ನನಗಿಂತ ಚಿಕ್ಕವರು, ಮಾತು ಮೆತ್ತಗೆ. "ಅಕ್ಕ ಹೋದ ತಿಂಗಳು ನನ್ನ ಹತ್ತಿರ ಬಂದಿದ್ದರು" ಎಂದರು. "ಸೇತುವೆಯ ಸಾಲಿನ ಕೆಳಗೆ ಒಂದು ಅಡಿಟಿಪ್ಪಣಿ ಹಾಕಿಸಿ, ಓದೋರಿಗೆ ಅನುಮಾನ ಬಂದರೆ ಅದು ತಪ್ಪಲ್ಲ ಅಂತ ಬರೆಸಿ ಅಂದರು. ಗ್ರಂಥಕ್ಕೆ ಅಡಿಟಿಪ್ಪಣಿ ಹಾಕೋದು ಉಂಟೇ? ಆಗೋದಿಲ್ಲ ಅಂದೆ. ಹಾಗಾದರೆ ಸೇತುವೆ ತೆಗೆದುಬಿಡಿ ಅಂದರು."

"ಅವಳು ಹಾಗೆಯೇ" ಎಂದೆ.

"ಸಭೆಯಲ್ಲಿ ನಾನು ಕೇಳಲೇಬೇಕು. ನೀವು ಹೌದು ಅಂದರೆ ಹೌದು. ನಾನು ಕೆದಕೋದಿಲ್ಲ, ಬೇರೆಯವರಿಗೆ ಕೆದಕೋಕೆ ಬಿಡೋದೂ ಇಲ್ಲ. ಆದರೆ ನೀವು ಸುಳ್ಳು ಹೇಳೋರಲ್ಲ. ನನಗೆ ಇರೋ ಭಯ ಅದೊಂದೇ."

ಅವರು ಹೋದ ಮೇಲೆ ಆ ಭಯವನ್ನು ನನಗೇ ಬಿಟ್ಟುಹೋದರು ಎನಿಸಿತು. ಗ್ರಂಥದ ಮುಂದೆ ನಿಂತು ಇಲ್ಲದ್ದನ್ನು ಹೌದೆನ್ನುವುದು ನನ್ನಿಂದಾಗದು. ಜೀವಮಾನವಿಡೀ ನನ್ನೆದುರು ಬೇರೆ ಮಾತಾಡಿದವಳ ಬಾಯಿಗೆ, ಅವಳು ಹೋದ ಮೇಲೆ ನನ್ನ ಮಾತನ್ನು ತುರುಕುವುದೂ ಆಗದು. ಆದರೆ ಇಲ್ಲ ಎಂದರೆ ನನ್ನ ತಂಗಿ ನಡುಹೊಳೆಯಲ್ಲೇ ಉಳಿಯುತ್ತಾಳೆ. ಅವಳಿಗೆ ಈಜು ಬರುತ್ತಿರಲಿಲ್ಲ. ಇಂಥ ಹುಚ್ಚು ಯೋಚನೆಯೆಲ್ಲ ಬಂದಿತು.

ಆ ಮಧ್ಯಾಹ್ನ ಕಾಲೇಜಿನ ಮೇಷ್ಟ್ರು ಬಂದರು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವರ ಕಣ್ಣು ಕೆಂಪಾಗಿತ್ತು. ಗುಬ್ಬಿ ಕುರ್ಚಿ ಕೊಟ್ಟಳು. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ನಿಮ್ಮ ತಂಗಿ ಇಲ್ಲದಿದ್ದರೆ ನನ್ನ ಉಪನ್ಯಾಸದಲ್ಲಿ ಎಲ್ಲರೂ ತಲೆಯಾಡಿಸೋರೇ" ಎಂದರು. "ಇನ್ನು ಮುಂದೆ ಹಾಗೇ ಆಗುತ್ತೆ."

"ಗೊತ್ತು ಮೇಷ್ಟ್ರೇ. ಅವಳು ನಿಮ್ಮ ಪಕ್ಷ."

"ನನ್ನ ಪಕ್ಷವೇ?" ಅವರು ಕೈ ಬಿಟ್ಟರು. "ಏನು ಹೇಳ್ತಿದೀರಿ? ಎರಡು ವರ್ಷದಿಂದ ನನ್ನ ಎದುರು ಎದ್ದುನಿಂತು ವಾದ ಮಾಡ್ತಿದ್ದವರು ಅವರೊಬ್ಬರೇ. ಗ್ರಂಥ ಒಂದೇ ಬಾಯಿಂದ ಬಂದದ್ದು ಅನ್ನೋದರಿಂದ ಒಂದು ಕೂದಲಿನಷ್ಟು ಕದಲಿದವರಲ್ಲ."

ನಾನು ಗುಬ್ಬಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು.

"ನೀವು ಬೇರೆ ಯಾರನ್ನೋ ಹೇಳ್ತಿದೀರಿ" ಎಂದೆ.

"ಗಿಡ್ಡಗೆ, ಬಿಳಿ ಕೂದಲು, ಎಲ್ಲದಕ್ಕೂ 'ನಿಲ್ಲಿ, ನಿಲ್ಲಿ' ಅನ್ನೋರು?"

ಅವಳೇ.

ಮೇಷ್ಟ್ರು ಆ ದಿನ ನಡೆದದ್ದನ್ನು ಹೇಳಿದರು. ಕಾಲೇಜಿನಲ್ಲಿ ಚರ್ಚೆ ಏರ್ಪಾಡಾಗಿತ್ತಂತೆ. ಹಲವು ಕೈಯ ಪಕ್ಷಕ್ಕೆ ಮೇಷ್ಟ್ರು, ಒಂದು ಬಾಯಿಯ ಪಕ್ಷಕ್ಕೆ ನನ್ನ ತಂಗಿ. ದೋಣಿಯವನಿಗೆ ಗೊಬ್ಬರದ ವಿಷಯ ಹೇಗೆ ಗೊತ್ತು ಎಂದು ಮೇಷ್ಟ್ರು ಕೇಳಿದರೆ, "ಹೇಳಿದವನಿಗೆ ಗೊತ್ತಿತ್ತು, ಇವನು ಕೇಳಿಸಿಕೊಂಡ ಅಷ್ಟೆ" ಎಂದಳಂತೆ. ಸೇತುವೆ ಇದ್ದ ಮೇಲೆ ದೋಣಿ ಯಾಕೆ ಎಂದು ಕೇಳಿದರೆ, "ಸೇತುವೆಗೆ ಸುಂಕ ಇತ್ತೇನೋ" ಎಂದಳಂತೆ. ಸಭೆಯೆಲ್ಲ ನಕ್ಕಿತಂತೆ.

"ಅದು ನನ್ನ ಮಾತು" ಎಂದೆ. ಕಳ್ಳತನದ ದೂರು ಕೊಡುವವನಂತೆ ನನ್ನ ದನಿ ನನಗೇ ಕೇಳಿಸಿತು.

"ಇರಬಹುದು. ಆಮೇಲೆ ನಗು ನಿಂತ ಮೇಲೆ ಇನ್ನೊಂದು ಮಾತು ಹೇಳಿದರು. 'ಎಲ್ಲರೂ ಸೇತುವೆ ಮೇಲೆ ಹೋಗೋಕೆ ಶುರುಮಾಡಿದ ಮೇಲೆ ದೋಣಿಯಲ್ಲಿ ಒಬ್ಬನೇ ಉಳಿದಿರ್ತಾನೆ. ಒಬ್ಬನೇ ಇರೋನಿಗೆ ತಾನೇ ಕೇಳಿಸೋದು?' ಅಂದರು. ಇದೂ ನಿಮ್ಮ ಮಾತೇ?"

ಅಲ್ಲ. ಅದು ನನ್ನದಾಗಿರಲಿಲ್ಲ. ಅಂಥ ಮಾತು ನನಗೆ ಎಂದೂ ಹೊಳೆದಿರಲಿಲ್ಲ. ಹಾಗಾದರೆ ಅದು ಅವಳದೇ. ನಂಬಿದವಳ ಬಾಯಿಂದಲ್ಲದೆ ಇಂಥ ಮಾತು ಬರುವುದುಂಟೇ ಎಂದು ನನಗೆ ಜೀವ ಬಂದಂತಾಯಿತು. ಹಾಗೆಂದು ಮೇಷ್ಟ್ರಿಗೆ ಹೇಳಿದೆ. ಅವರು, "ಒಳ್ಳೆಯ ವಾದಿಯ ಬಾಯಿಂದಲೂ ಬರಬಹುದು" ಎಂದರು. "ನನಗೂ ಅದೇ ಸಂಶಯ ಬಂದು, ಮೆಟ್ಟಿಲಿಳಿಯುವಾಗ ಕೇಳಿದೆ. 'ಅಮ್ಮ, ವಾದ ಒತ್ತಟ್ಟಿಗಿರಲಿ, ನೀವು ನಿಜವಾಗಿ ನಂಬ್ತೀರಾ?' ಅಂದೆ. ನಕ್ಕರು. 'ನಮ್ಮಣ್ಣ ನಂಬ್ತಾನೆ' ಅಂದರು. ಇನ್ನೂ ಏನೋ ಹೇಳೋದಿತ್ತು ಅಂತ ಕಾಣುತ್ತೆ, ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ಕಂಬಿ ಹಿಡಿದುಕೊಂಡು ಕೂತುಬಿಟ್ಟರು."

ಮೇಷ್ಟ್ರು ಹೋದ ಮೇಲೆ ನಾನು ಗುಬ್ಬಿಯನ್ನು ಕೇಳಿದೆ: "ನಿನ್ನ ಹತ್ತಿರ ಏನಂತಿದ್ದಳು?"

"ನನ್ನ ಹತ್ತಿರ ಗ್ರಂಥದ ಮಾತೇ ಆಡ್ತಿರಲಿಲ್ಲ ಮಾವ. ನಾನು ಏನಾದರೂ ಅಂದರೆ ತಾನೇ ಅಮ್ಮ ಎದುರಾಡೋದು? ಈ ಬಟ್ಟೆ ಚೆನ್ನಾಗಿದೆ ಅಂದರೆ ಬಣ್ಣ ಹೋಗುತ್ತೆ ಅನ್ನೋಳು. ಬಣ್ಣ ಹೋಗುತ್ತೇನೋ ಅಂದರೆ ಇಂಥ ಬಟ್ಟೆ ಇನ್ನೆಲ್ಲಿ ಸಿಗುತ್ತೆ ಅನ್ನೋಳು. ಕೊನೆಗೆ ಆ ಬಟ್ಟೆ ತಗೊಂಡೆವೋ ಬಿಟ್ಟೆವೋ ಅನ್ನೋದೇ ಈಗ ನೆನಪಿಲ್ಲ."

"ಇದು ಬಟ್ಟೆಯಲ್ಲವಲ್ಲ ಗುಬ್ಬಿ."

"ಎರಡಕ್ಷರದ ಮಾತು ಮಾವ. ಹೌದು ಅಂದುಬಿಡಿ. ಅಮ್ಮ ಈಗ ಬಂದು ನಿಲ್ಲು ಅನ್ನೋದಿಲ್ಲ."

ಹಾಗೆಂದವಳು ಒಮ್ಮೆಲೇ ಮುಖ ಮುಚ್ಚಿಕೊಂಡು ಅಳತೊಡಗಿದಳು. ಆಸ್ಪತ್ರೆಯಲ್ಲಿ ಅಳದವಳು ಆಗ ಅತ್ತಳು.

ಸಭೆಯ ದಿನ ಬರುವವರೆಗೆ ನಾನು ಮುದ್ರಣಾಲಯಕ್ಕೆ ಹೋಗಿ ಆ ಮೇಜಿನ ಮುಂದೆ ಕೂತು ಬರುತ್ತಿದ್ದೆ. ಫೋರ್‌ಮನ್ ಬೇಡವೆನ್ನಲಿಲ್ಲ. ಸೇತುವೆಯ ಅಧ್ಯಾಯವನ್ನು ತೆರೆದು ಗಟ್ಟಿಯಾಗಿ ಓದಲು ನೋಡಿದೆ. ಸಾಲಿನ ಕೊನೆಗೆ ಬಂದಾಗ ನಾಲಗೆ ತಾನಾಗಿ ನಿಲ್ಲುತ್ತಿತ್ತು. "ಮುಂದೆ" ಎನ್ನುವವರಿಲ್ಲದೆ ಮುಂದಿನ ಸಾಲಿಗೆ ಹೋಗಲು ನನಗೆ ಅಭ್ಯಾಸವಿಲ್ಲ. ಹೇಗೋ ಬಲವಂತದಿಂದ ಸೇತುವೆಯ ಸಾಲಿನವರೆಗೆ ಓದಿದೆ. ಆಗ ಯಾರೋ "ನಿಲ್ಲು" ಎಂದರು. ಆ ದನಿ ನನ್ನದೇ. ಸೇತುವೆ ಇದ್ದ ಮೇಲೆ ದೋಣಿಗೆ ಯಾರು ಹತ್ತುತ್ತಾರೆ ಎಂದು ನಾನೇ ಕೇಳಿಕೊಂಡೆ. ಸುಂಕದ ಉತ್ತರ ಹೇಳಿ ನೋಡಿದೆ, ಅದರಲ್ಲಿ ನಗು ಬಿಟ್ಟರೆ ಬೇರೇನೂ ಕಾಣಲಿಲ್ಲ. ದೋಣಿಯಲ್ಲಿ ಒಬ್ಬನೇ ಉಳಿದವನ ಮಾತು ಹೇಳಿ ನೋಡಿದೆ, ಅದು ಅವಳದು.

ನನಗೆ ದಿಗಿಲಾಯಿತು. ಇಷ್ಟು ಕಾಲ ಹೌದು ಎನ್ನುತ್ತಿದ್ದವನು ನಾನು, ಇಲ್ಲ ಎನ್ನುತ್ತಿದ್ದವಳು ಅವಳು ಎಂದುಕೊಂಡಿದ್ದೆ. ಅವಳು ನನ್ನೆದುರು ಇಲ್ಲ ಎಂದು, ಮೇಷ್ಟ್ರೆದುರು ಹೌದು ಎಂದು, ಗುರುಗಳ ಬಳಿ ಅಡಿಟಿಪ್ಪಣಿ ಕೇಳಿದ್ದಳು. ಎಲ್ಲೆಲ್ಲಿ ಎದುರಿನ ಕುರ್ಚಿ ಖಾಲಿ ಇತ್ತೋ ಅಲ್ಲಿ ಹೋಗಿ ಕೂತಿದ್ದಳೇ? ಹಾಗಾದರೆ ಅವಳ ಸ್ವಂತದ ಕುರ್ಚಿ ಯಾವುದು? ಅವಳು ಮಾತು ಮಾತಿಗೂ ತಡೆಯದೇ ಇದ್ದಿದ್ದರೆ ನಾನು ಇಷ್ಟು ಗಟ್ಟಿಯಾಗಿ ನಂಬುತ್ತಿದ್ದೆನೇ? ತಲೆಯೆಲ್ಲ ಕಲಸಿಹೋಯಿತು. ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತೆ. ಕೈಗೆ ಹಿತವಾಗಿತ್ತು, ಎಂದಿನಂತೆ. ಯಾರು ಬರೆದರೂ ಆ ಹಿತ ಹಾಗೇ ಇರುತ್ತಿತ್ತೇ? ಅದೂ ಗೊತ್ತಾಗಲಿಲ್ಲ.

ಸಭೆಯ ದಿನ ಪ್ರಾರ್ಥನಾಲಯ ತುಂಬಿತ್ತು. ಮುದ್ರಣಾಲಯದವರೆಲ್ಲ ಒಂದು ಸಾಲಿನಲ್ಲಿ ಕೂತಿದ್ದರು. ಕ್ಷೌರಿಕ ಬಂದಿದ್ದ. ಮೇಷ್ಟ್ರು ಒಳಗೆ ಬರಲು ಸಂಕೋಚಪಟ್ಟು ಬಾಗಿಲ ಪಕ್ಕದಲ್ಲಿ ನಿಂತಿದ್ದರು. ಗುಬ್ಬಿ ನನ್ನ ಎದುರಿಗೆ, ಹೆಂಗಸರ ಮೊದಲ ಸಾಲಿನಲ್ಲಿ ಕೂತಿದ್ದಳು. ತಾಯಿಯ ಕನ್ನಡಕದ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಗುರುಗಳು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಗ್ರಂಥದ ಮೇಲೆ ಕೈಯಿಟ್ಟು ಕೇಳತೊಡಗಿದರು.

"ಈ ಗ್ರಂಥ ಮೇಲಿನಿಂದ ಬಂದದ್ದೆಂದು ನಂಬಿ—"

"ನಿಲ್ಲಿ" ಎಂದೆ.

ಹಾಗೆನ್ನಬೇಕೆಂದು ನಾನು ಯೋಚಿಸಿ ಬಂದಿರಲಿಲ್ಲ. ಮುದ್ರಣಾಲಯದವರ ಸಾಲಿನಲ್ಲಿ ಯಾರೋ ತಡೆಯಲಾರದೆ ನಕ್ಕರು, ಆ ನಗು ಅರ್ಧಕ್ಕೇ ಬಿಕ್ಕಾಗಿಹೋಯಿತು. ಗುರುಗಳು ಕಾದರು.

"ಗುರುಗಳೇ, ನನ್ನೆದುರು ಅವಳು ಇಲ್ಲ ಅಂದಳು. ಆ ಬಾಗಿಲ ಹತ್ತಿರ ನಿಂತಿರೋರ ಎದುರು ಹೌದು ಅಂದಳಂತೆ. ಎರಡೂ ಅವಳದೇ ಬಾಯಿ. ಯಾವುದು ಅವಳ ಮನಸ್ಸು ಅಂತ ನನಗೆ ಗೊತ್ತಿಲ್ಲ. ಅವಳ ಜೊತೆ ಇಷ್ಟು ವರ್ಷ ಕೂತು ಅದೊಂದು ನನಗೆ ಗೊತ್ತಾಗಲಿಲ್ಲ. ಈ ಗ್ರಂಥದ ಒಂದು ಸಾಲನ್ನೂ ಅವಳು ನೋಡದೆ ದಾಟಿಸಲಿಲ್ಲ. ಗೊತ್ತಿರೋದು ಅಷ್ಟೇ."

"ನನಗೆ ಹೌದು ಅಥವಾ ಇಲ್ಲ ಬೇಕು ಅಣ್ಣ."

"ಎರಡೂ ನನ್ನ ಹತ್ತಿರ ಇಲ್ಲ."

ಸಭೆಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಇಲ್ಲ ಎಂದರೆ ಏಳಬೇಕು, ಹೌದು ಎಂದರೆ ಕೂತಿರಬೇಕು. ಕೆಲವರು ಎದ್ದರು. ಎದ್ದವರು ಕೂತವರನ್ನು ನೋಡಿ ಕೂತರು, ಅಷ್ಟರಲ್ಲಿ ಕೂತವರು ಅವರನ್ನು ನೋಡಿ ಎದ್ದಿದ್ದರು. ಹಿಂದಿನಿಂದ ಒಬ್ಬ ಮುದುಕಿ, "ಏಳೋದಾ ಕೂರೋದಾ, ಯಾರಾದರೂ ಹೇಳ್ರಪ್ಪ, ನನ್ನ ಮಂಡಿ ಕೇಳೋದಿಲ್ಲ" ಎಂದಳು.

ಗುರುಗಳ ಮುಖ ಬಾಡಿತ್ತು. "ಇದಕ್ಕೆ ನಮ್ಮಲ್ಲಿ ದಾರಿ ಇಲ್ಲ" ಎಂದರು. "ಹೌದು ಅನ್ನದೆ ನಾನು ಪ್ರಾರ್ಥನೆ ಹೇಳಿಕೊಡಲಾರೆ. ಬೇರೆ ಯಾರಾದರೂ ಹೇಳಿದರೆ ತಡೆಯೋ ಅಧಿಕಾರ ನನಗಿಲ್ಲ." ಹೀಗೆಂದು ಗ್ರಂಥವನ್ನು ನನ್ನ ಕಡೆ ಸರಿಸಿ, ತಾವು ಒಂದು ಬದಿಗೆ ಹೋಗಿ ನಿಂತರು. ಹೊರಗೆ ಹೋಗಲಿಲ್ಲ.

ಕೆಲವರು ಹೋದರು, ಕೆಲವರು ಉಳಿದರು. ಎಷ್ಟು ಮಂದಿ ಎಂದು ನಾನು ನೋಡಲಿಲ್ಲ. ನಾನು ಪ್ರಾರ್ಥನೆ ಹೇಳಿಕೊಡುವವನಲ್ಲ, ಬರಿಯ ಓದುವವನು. ಕೂತುಕೊಂಡು ಪ್ರಾರ್ಥನೆಯ ಪುಟ ತೆರೆದು, ಮೇಜಿನ ಮುಂದೆ ಓದುವ ದನಿಯಲ್ಲೇ ಮೊದಲ ಸಾಲು ಓದಿದೆ. ಕೊನೆಯಲ್ಲಿ ದನಿ ನಿಂತುಹೋಯಿತು. ಎಷ್ಟು ಪ್ರಯತ್ನಪಟ್ಟರೂ ಎರಡನೆಯ ಸಾಲು ಬರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಎದುರಿಗೆ ಕೂತಿದ್ದ ಗುಬ್ಬಿ ಡಬ್ಬಿ ತೆರೆದು ತಾಯಿಯ ಕನ್ನಡಕ ಹಾಕಿಕೊಂಡಳು. ಅದರಲ್ಲಿ ಅವಳಿಗೆ ಏನೂ ಕಾಣುವಂತಿರಲಿಲ್ಲ.

"ಮುಂದೆ" ಎಂದಳು, ಬಾಯೊಳಗೇ.

ನಾನು ಓದಿದೆ. ಪುಟದಲ್ಲಿದ್ದ ಸಾಲುಗಳು ಮುಗಿದ ಮೇಲೂ ನನ್ನ ದನಿ ನಿಲ್ಲಲಿಲ್ಲ. ಯಾವುದು ಗ್ರಂಥದ್ದು, ಯಾವುದು ನನ್ನದು ಎಂದು ಆಗಲೂ ತಿಳಿಯಲಿಲ್ಲ, ಈಗಲೂ ಬೇರ್ಪಡಿಸಲಾರೆ.

ಎರಡು ದಡಗಳ ಒಡೆಯನೇ, ನಡುಹೊಳೆಯಲ್ಲಿ ಒಬ್ಬಳಿದ್ದಾಳೆ, ಅವಳ ಕಡೆ ನೋಡು. ಅವಳು ನಿನ್ನ ಮಾತನ್ನು ನಿನ್ನದಲ್ಲ ಎಂದಿದ್ದರೆ, ಅಷ್ಟು ಹತ್ತಿರದಿಂದ ನೋಡಿದ ಕಣ್ಣನ್ನು ಕ್ಷಮಿಸು. ನಿನ್ನದೇ ಎಂದಿದ್ದರೆ, ಅದನ್ನು ತಿಳಿಯದೆ ಹೋದ ನನ್ನನ್ನು ಕ್ಷಮಿಸು. ಅವಳು ಕೇಳಿದ್ದಕ್ಕೆಲ್ಲ ನನಗೆ ಉತ್ತರ ಬರಲಿಲ್ಲ, ನೀನು ಹೇಳು. ಅವಳು ನಿಲ್ಲು ಎಂದರೆ ಬೇಸರಪಡದೆ ನಿಲ್ಲು. ಕೇಳಿ ಮುಗಿದ ಮೇಲೆ ಕೈಹಿಡಿದು ಇಳಿಸಿಕೊ. ದೋಣಿಯಲ್ಲೋ ಸೇತುವೆಯ ಮೇಲೋ, ಯಾವ ದಾರಿಯಲ್ಲಾದರೂ ಸರಿ, ನನ್ನ ತಂಗಿ ದಡ ಮುಟ್ಟಲಿ. ಅವಳ ಕಣ್ಣಿಗೆ ವಿಶ್ರಾಂತಿ ಸಿಗಲಿ. ಅವಳಿಗೆ ಶಾಂತಿಯಾಗಲಿ.